ಅಂಗಡಿಯಿಂದ ನಾನು ತೆಗೆದುಕೊಳ್ಳುವ ದುಡ್ಡಿಗೆ ತೆರಿಗೆನಾ, ಅಂಗಡಿ ಲಾಭಕ್ಕೆ ತೆರಿಗೆನಾ?

ವೈರ್‌ಬಾಕ್ಸ್

ಎಲ್ಲರಿಗೂ ನಮಸ್ಕಾರ. ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಪಾಲುದಾರರು ಯಾರೂ ಇಲ್ಲ, ಎಲ್ಲ ನನ್ನ ಹೆಸರಲ್ಲೇ ಇದೆ. 2025-26ಕ್ಕೆ ವಹಿವಾಟು 80 ಲಕ್ಷದ ಹತ್ತಿರ ಬರುತ್ತದೆ. 60 ಲಕ್ಷ ಯುಪಿಐ ಮತ್ತು ಬ್ಯಾಂಕಿನಲ್ಲಿ, 20 ಲಕ್ಷ ನಗದು. ಮನೆ ಖರ್ಚಿಗೆ ಅಂತ ತಿಂಗಳಿಗೆ 40 ಸಾವಿರ ಅಂಗಡಿ ಖಾತೆಯಿಂದ ನನ್ನ ಖಾತೆಗೆ ಹಾಕಿಕೊಳ್ಳುತ್ತೇನೆ.

ನಮ್ಮ ಭಾವ ಹೇಳುವುದು ಹೀಗೆ: "ನಿನ್ನ ಸಂಬಳ ವರ್ಷಕ್ಕೆ 4.8 ಲಕ್ಷ. 12 ಲಕ್ಷದವರೆಗೆ ತೆರಿಗೆ ಇಲ್ಲ. ರಿಟರ್ನೂ ಬೇಡ, ಏನೂ ಬೇಡ." ಪಕ್ಕದ ಅಂಗಡಿಯವರದ್ದು ಪೂರ್ತಿ ಉಲ್ಟಾ: "ಯುಪಿಐ ಎಲ್ಲಾ ಅವರಿಗೆ ಕಾಣುತ್ತೆ. 80 ಲಕ್ಷಕ್ಕೂ ಕಟ್ಟಬೇಕಾಗುತ್ತೆ, ನೋಡ್ತಾ ಇರಿ." ಗೆಳೆಯನೊಬ್ಬ ಪ್ರೈವೇಟ್ ಲಿಮಿಟೆಡ್ ಮಾಡಿಬಿಡು, ತೆರಿಗೆ ಕಮ್ಮಿ ಅನ್ನುತ್ತಾನೆ.

ಇದರಲ್ಲಿ ಯಾರ ಮಾತು ಸರಿ? ಆಡಿಟರ್ ಹತ್ತಿರ ಹೋಗುವ ಮುಂಚೆ ನನಗೇ ಸ್ವಲ್ಪ ಅರ್ಥ ಆಗಿರಲಿ ಅಂತ ಕೇಳುತ್ತಿದ್ದೇನೆ.

ಲೆಕ್ಕಿಗ

ಇಬ್ಬರ ಮಾತೂ ಸರಿಯಿಲ್ಲ ಸಾರ್. ಭಾವನಿಂದ ಶುರು ಮಾಡೋಣ.

ಒಬ್ಬರೇ ಮಾಲೀಕರಾಗಿರುವ ಅಂಗಡಿಗೆ ಕಾನೂನಿನ ಕಣ್ಣಲ್ಲಿ ಬೇರೆ ಅಸ್ತಿತ್ವ ಇಲ್ಲ. ಅಂಗಡಿಗೆ ಬೇರೆ ಪ್ಯಾನ್ ಇದೆಯಾ? ಇಲ್ಲ. ನಿಮ್ಮ ಪ್ಯಾನೇ ಅಂಗಡಿಯ ಪ್ಯಾನ್. ಹಾಗಾಗಿ ನಿಮಗೆ ನೀವೇ ಸಂಬಳ ಕೊಡಲು ಬರುವುದಿಲ್ಲ. ತಿಂಗಳಿಗೆ ತೆಗೆಯುವ 40 ಸಾವಿರಕ್ಕೆ ಲೆಕ್ಕದ ಪುಸ್ತಕದಲ್ಲಿ ಡ್ರಾಯಿಂಗ್ಸ್ ಅಂತಾರೆ. ಅದು ನಿಮ್ಮ ಬಂಡವಾಳ ಖಾತೆಯಿಂದ ಕಡಿಮೆಯಾಗುತ್ತದೆ, ಖರ್ಚಿನ ಪಟ್ಟಿಗೆ ಬರುವುದೇ ಇಲ್ಲ. ನೀವು 40 ಸಾವಿರ ತೆಗೆದರೂ, 4 ಲಕ್ಷ ತೆಗೆದರೂ, ಒಂದು ರೂಪಾಯಿ ತೆಗೆಯದೆ ಗಲ್ಲಾದಲ್ಲೇ ಬಿಟ್ಟರೂ ತೆರಿಗೆ ಒಂದೇ. ಅದು ಬೀಳುವುದು ಅಂಗಡಿಯ ಲಾಭಕ್ಕೆ.

ಪಕ್ಕದವರ ಮಾತಿಗೆ ಬಂದರೆ, ಆದಾಯ ತೆರಿಗೆ ವಹಿವಾಟಿನ ಮೇಲೆ ಅಲ್ಲ. 80 ಲಕ್ಷದಲ್ಲಿ ಸಾಮಾನು ಕೊಂಡ ದುಡ್ಡು, ಬಾಡಿಗೆ, ಹುಡುಗರ ಸಂಬಳ, ಕರೆಂಟ್, ಸಾಗಾಣಿಕೆ, ಬ್ಯಾಂಕ್ ಬಡ್ಡಿ ಎಲ್ಲ ಕಳೆದು ಉಳಿಯುವುದು ಲಾಭ. ಆ ಲಾಭಕ್ಕೆ ನಿಮ್ಮ ಬೇರೆ ಆದಾಯ ಸೇರಿಸಿ, ಒಟ್ಟು ಮೊತ್ತಕ್ಕೆ ಸ್ಲ್ಯಾಬ್ ಪ್ರಕಾರ, ಅಂದರೆ ಆದಾಯದ ಒಂದೊಂದು ಹಂತಕ್ಕೆ ಒಂದೊಂದು ದರದಂತೆ ಲೆಕ್ಕ. ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಎಲ್ಲಾ ಬಂತು.

ರಿಟರ್ನ್ ಬೇಡ ಅನ್ನುವುದಂತೂ ಪೂರಾ ತಪ್ಪು. ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ ಆದಾಯ ಎಷ್ಟೇ ಕಡಿಮೆ ಇರಲಿ, ರಿಟರ್ನ್ ಹಾಕಲೇಬೇಕು.

ಸೂಜಿದಾರ

ಲೆಕ್ಕಿಗ ಸಾರ್, 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವುದು ಸಂಬಳದವರಿಗೆ ಮಾತ್ರನಾ, ನಮ್ಮಂಥವರಿಗೂ ಇದೆಯಾ? ನಾನು ಬ್ಲೌಸ್ ಹೊಲಿಯುವ ಸಣ್ಣ ಘಟಕ ನಡೆಸುತ್ತೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಲೆಕ್ಕಿಗ

ನಿಮಗೂ ಇದೆ ಮೇಡಂ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದವರೆಗೆ ಏನೂ ಇಲ್ಲ. 4ರಿಂದ 8ಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30. ಕೊನೆಗೆ ಶೇ 4 ಸೆಸ್. ಒಟ್ಟು ಆದಾಯ 12 ಲಕ್ಷದ ಒಳಗಿದ್ದರೆ ಲೆಕ್ಕಕ್ಕೆ ಬರುವ 60 ಸಾವಿರದವರೆಗಿನ ತೆರಿಗೆಯನ್ನು ಆದಾಯ ತೆರಿಗೆ ಕಾಯ್ದೆಯ 87ಎ ಕಲಮಿನ ರಿಬೇಟ್ ಅಳಿಸಿಹಾಕುತ್ತದೆ. ಇಲ್ಲಿ ಸಂಬಳ, ವ್ಯಾಪಾರ ಅನ್ನುವ ಭೇದ ಇಲ್ಲ.

ಭೇದ ಇರುವುದು 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್‌ನಲ್ಲಿ. ಬಿಲ್ ಏನೂ ಕೇಳದೆ ಆದಾಯದಿಂದ ನೇರವಾಗಿ ಕಳೆಯುವ ಮೊತ್ತ ಅದು, ಸಂಬಳ, ಪಿಂಚಣಿಯವರಿಗೆ ಮಾತ್ರ. ಅದಕ್ಕೇ ಅವರು 12.75 ಲಕ್ಷ ಅಂತ ಹೇಳುವುದು. ನಮಗೆ 12 ಲಕ್ಷ, ಅಷ್ಟೇ.

12 ಲಕ್ಷ ಚೂರು ದಾಟಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆದಾಯ 12.10 ಲಕ್ಷ ಆದರೆ ಸ್ಲ್ಯಾಬ್ ಪ್ರಕಾರ 61,500 ಬರುತ್ತದೆ. ಆದರೆ ದಾಟಿದ್ದು 10 ಸಾವಿರ ಮಾತ್ರ ಅಲ್ವಾ? ತೆರಿಗೆಯೂ 10 ಸಾವಿರಕ್ಕೆ ನಿಲ್ಲುತ್ತದೆ, ಸೆಸ್ ಬೇರೆ. ಷೇರು ಮಾರಿ ಬಂದ ಲಾಭದಂಥ ವಿಶೇಷ ದರದ ಆದಾಯಕ್ಕೆ ಮಾತ್ರ ಈ ರಿಬೇಟ್ ಅನ್ವಯಿಸದು. ಅಂಗಡಿ ಜೊತೆ ಷೇರು ಆಡುವವರು ಗಮನಿಸಿ.

ವೈರ್‌ಬಾಕ್ಸ್

ಹಾಗಾದರೆ ನನ್ನ ಲಾಭ ಎಷ್ಟು ಅಂತ ಗೊತ್ತಾಗುವುದು ಹೇಗೆ? ಖರೀದಿ ಬಿಲ್ ಎಲ್ಲ ಇದೆ. ಸಣ್ಣಪುಟ್ಟ ಖರ್ಚಿಗೆ ಚೀಟಿ ಇಲ್ಲ. ಲೋಡಿಂಗ್ ಹುಡುಗರಿಗೆ, ಟೀ ಕಾಫಿಗೆ ಕೊಟ್ಟಿದ್ದಕ್ಕೆಲ್ಲ ಯಾರು ರಸೀದಿ ಕೊಡುತ್ತಾರೆ?

ಲೆಕ್ಕಿಗ

ನಿಮ್ಮಂಥವರಿಗೇ 44ಎಡಿ ಕಲಮು ಇರುವುದು. ಖರ್ಚಿನ ಲೆಕ್ಕ ಕೇಳದೆ ವಹಿವಾಟಿನ ಇಷ್ಟು ಪಾಲು ಲಾಭ ಅಂತ ಹಿಡಿಯುವ ದಾರಿ ಅದು. ವಹಿವಾಟು 2 ಕೋಟಿ ಒಳಗಿದ್ದರೆ ಸಾಕು. ವರ್ಷದ ಒಟ್ಟು ಜಮೆಯಲ್ಲಿ ನಗದು ಶೇ 5 ದಾಟದಿದ್ದರೆ 3 ಕೋಟಿವರೆಗೂ ನಡೆಯುತ್ತದೆ. ಬ್ಯಾಂಕ್, ಯುಪಿಐ, ಕಾರ್ಡ್ ಮೂಲಕ ಬಂದಿದ್ದಕ್ಕೆ ಶೇ 6, ನಗದಿಗೆ ಶೇ 8 ಲಾಭ ಅಂತ ಹಿಡಿದುಕೊಳ್ಳುತ್ತಾರೆ.

ನಿಮ್ಮ ಲೆಕ್ಕ ನೋಡಿ. 60 ಲಕ್ಷಕ್ಕೆ ಶೇ 6 ಅಂದರೆ 3.6 ಲಕ್ಷ. 20 ಲಕ್ಷಕ್ಕೆ ಶೇ 8 ಅಂದರೆ 1.6 ಲಕ್ಷ. ಒಟ್ಟು 5.2 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ರಿಬೇಟ್ ಆದಮೇಲೆ ತೆರಿಗೆ ಸೊನ್ನೆ. ರಿಟರ್ನ್ ಮಾತ್ರ ಹಾಕಬೇಕು, ಐಟಿಆರ್-4 ಫಾರಂನಲ್ಲಿ.

ವರ್ಷದ ಕೊನೆಯಲ್ಲಿ ಬಾಕಿ ಉಳಿದ ಬಿಲ್‌ನ ದುಡ್ಡು ರಿಟರ್ನ್ ಹಾಕುವ ಗಡುವಿನೊಳಗೆ ಬ್ಯಾಂಕಿಗೆ ಬಂದರೆ ಅದಕ್ಕೂ ಶೇ 6 ಸಿಗುತ್ತದೆ. ತುಂಬಾ ಜನ ಇದನ್ನು ಗಮನಿಸದೆ ಸುಮ್ನೆ ಶೇ 8 ಹಾಕಿಬಿಡುತ್ತಾರೆ.

ಸುಮ್ನೆ_ಓದುಗ

ಅಂದರೆ ನಿಜವಾದ ಲಾಭ 10 ಲಕ್ಷ ಇದ್ದರೂ 5.2 ಲಕ್ಷ ತೋರಿಸಿದರೆ ನಡೆಯುತ್ತಾ? ಸಕತ್ತಾಗಿದೆ.

ಲೆಕ್ಕಿಗ

ಶೇ 6 ಮತ್ತು 8 ಕನಿಷ್ಠ. ಅದಕ್ಕಿಂತ ಜಾಸ್ತಿ ತೋರಿಸಲು ಕಾನೂನೇ ಜಾಗ ಇಟ್ಟಿದೆ. ಜಾಸ್ತಿ ಬಂದಿದ್ದು ಗೊತ್ತಿದ್ದೂ ಕನಿಷ್ಠ ತೋರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಕಚೇರಿಗೆ ಬರುವವರಲ್ಲಿ ಇದೇ ಜಾಸ್ತಿ. ಒಬ್ಬರು ವರ್ಷಗಟ್ಟಲೆ 5 ಲಕ್ಷ ತೋರಿಸುತ್ತಾರೆ. ಮನೆಗೆ ತಿಂಗಳಿಗೆ 40 ಸಾವಿರ ತೆಗೆದರೆ ಅಲ್ಲಿಗೇ 4.8 ಲಕ್ಷ ಖಾಲಿ. ಆಮೇಲೆ ಒಂದು ದಿನ 45 ಲಕ್ಷದ ಸೈಟ್ ಕೊಳ್ಳುತ್ತಾರೆ, ಅರ್ಧ ದುಡ್ಡು ಸ್ವಂತದ್ದು. ನೋಂದಣಿ ಆದರೆ ಆ ಮಾಹಿತಿ ಇಲಾಖೆಗೆ ಹೋಗುತ್ತದೆ. ದುಡ್ಡು ಎಲ್ಲಿಂದ ಬಂತು ಅಂದರೆ ಏನು ಹೇಳುವುದು? ನಿಮ್ಮದೇ ರಿಟರ್ನ್ ಪ್ರಕಾರ ನೀವು ವರ್ಷಕ್ಕೆ 20 ಸಾವಿರ ಉಳಿಸಿದ್ದೀರಿ.

ಬ್ಯಾಂಕ್ ಸಾಲದ್ದೂ ಇದೇ ಕತೆ. ಮ್ಯಾನೇಜರ್ ಮೊದಲು ಕೇಳುವುದೇ 3 ವರ್ಷದ ಐಟಿಆರ್. ತೆರಿಗೆ ಉಳಿಸಲು ಲಾಭ ಇಳಿಸಿದವರು ಸಾಲಕ್ಕೆ ಅದೇ ಲಾಭವನ್ನು ಏರಿಸಿ ತೋರಿಸಲಾಗದೆ ಒದ್ದಾಡುತ್ತಾರೆ. ತಮಾಷೆ ಅಂದರೆ ಇವರಲ್ಲಿ ಎಷ್ಟೋ ಜನಕ್ಕೆ 10 ಲಕ್ಷ ತೋರಿಸಿದ್ದರೂ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆಯೇ ಬರುತ್ತಿತ್ತು!

ಹತ್ತುಚಕ್ರ

ಲಾರಿ ಇಟ್ಟುಕೊಂಡವರ ಕಡೆಯಿಂದ ಒಂದು ಮಾತು. ನಮಗೆ 44ಎಡಿ ಬರುವುದಿಲ್ಲ, 44ಎಇ ಬರುತ್ತದೆ. ವರ್ಷದಲ್ಲಿ ಯಾವಾಗಲೂ 10ಕ್ಕಿಂತ ಜಾಸ್ತಿ ಗಾಡಿ ಇರಬಾರದು. ದೊಡ್ಡ ಗಾಡಿಗೆ, ಅಂದರೆ 12 ಟನ್ ಮೀರಿದ್ದಕ್ಕೆ, ತಿಂಗಳಿಗೆ ಟನ್ನಿಗೆ 1,000 ರೂಪಾಯಿ ಲಾಭ ಅಂತ ಲೆಕ್ಕ. ಚಿಕ್ಕದಕ್ಕೆ ಗಾಡಿಗೆ ತಿಂಗಳಿಗೆ 7,500. ಆರ್‌ಸಿಯಲ್ಲಿ 28 ಟನ್ ಇರುವ ಗಾಡಿಗೆ ತಿಂಗಳಿಗೆ 28 ಸಾವಿರ, ವರ್ಷಕ್ಕೆ 3.36 ಲಕ್ಷ.

ಗಾಡಿ ಓಡಿದೆಯೋ ಇಲ್ಲವೋ ಅಂತ ಇಲ್ಲಿ ಕೇಳುವುದಿಲ್ಲ. ಇಂಜಿನ್ ಬಿಚ್ಚಿ ಗ್ಯಾರೇಜಿನಲ್ಲಿ ನಿಂತಿದ್ದ ತಿಂಗಳಿಗೂ 28 ಸಾವಿರ ದುಡಿದಿದೆ ಅಂತಲೇ ಲೆಕ್ಕ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಆದರೆ ಡೀಸೆಲ್ ಬಿಲ್, ಟೋಲ್ ಚೀಟಿ, ಡ್ರೈವರ್ ಬಾಟಾ ಎಲ್ಲ ಜೋಡಿಸಿ ಇಡುವ ತಲೆನೋವು ತಪ್ಪುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ.

ಮೂರನೇಪಾಲು

44ಎಡಿ ಒಳಗೆ ಹೋಗುವುದು ಸುಲಭ, ಹೊರಗೆ ಬರುವಾಗ ಯೋಚನೆ ಮಾಡಬೇಕು. ಒಂದು ವರ್ಷ ಆ ದಾರಿ ಹಿಡಿದು, ಮುಂದಿನ 5 ವರ್ಷದೊಳಗೆ ಯಾವಾಗಲಾದರೂ ಅದಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಆಮೇಲೆ 5 ವರ್ಷ ಮತ್ತೆ ಆ ದಾರಿಗೆ ಬರುವಂತಿಲ್ಲ. ಆದಾಯ ಮೂಲ ವಿನಾಯಿತಿ ಮಿತಿ (ಹೊಸ ಪದ್ಧತಿಯಲ್ಲಿ ಆ 4 ಲಕ್ಷ) ಮೀರಿದ್ದರೆ ಲೆಕ್ಕ ಬರೆದು ಆಡಿಟ್ ಕೂಡ ಮಾಡಿಸಬೇಕು. ಒಂದು ಕೆಟ್ಟ ವರ್ಷ ಬಂದರೆ ಇದು ಕುತ್ತಿಗೆಗೆ ಬರುತ್ತದೆ.

ಇನ್ನೊಂದು ವಿಷಯ. ಕಮಿಷನ್, ದಲ್ಲಾಳಿ ವ್ಯವಹಾರದವರಿಗೆ, ಏಜೆನ್ಸಿಯವರಿಗೆ 44ಎಡಿ ಇಲ್ಲ. ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಇಲ್ಲ. ಡಾಕ್ಟರು, ವಕೀಲರು, ಇಂಜಿನಿಯರ್ ಥರದವರಿಗೆ 44ಎಡಿಎ ಅಂತ ಬೇರೆ ಇದೆ. ಅಲ್ಲಿ ಜಮೆಯ ಅರ್ಧ ಲಾಭ ಅಂತ ಹಿಡಿಯುತ್ತಾರೆ.

ವೈರ್‌ಬಾಕ್ಸ್

ತುಂಬಾ ಉಪಯೋಗ ಆಯಿತು. ನನ್ನ ನಿಜವಾದ ಲಾಭ ಎಷ್ಟು ಅಂತ ಈಗ ಕುತೂಹಲ. ವಿಚಿತ್ರ ಏನಂದರೆ ವ್ಯಾಪಾರ ಚೆನ್ನಾಗಿದೆ ಅಂತ ಅನಿಸುತ್ತದೆ, ಖಾತೆಯಲ್ಲಿ ನೋಡಿದರೆ ದುಡ್ಡು ಇಲ್ಲ. ಈ ವರ್ಷ ಸಾಮಾನು ಸಾಗಿಸಲು 4 ಲಕ್ಷದ ಗಾಡಿ ತೆಗೆದುಕೊಂಡೆ. ಅಂಗಡಿ ಸಾಲದ ಕಂತು ತಿಂಗಳಿಗೆ 18 ಸಾವಿರ ಹೋಗುತ್ತದೆ. ಬೆಲೆ ಏರುತ್ತದೆ ಅಂತ ತಾಮ್ರದ ವೈರ್ ಜಾಸ್ತಿ ಸ್ಟಾಕ್ ಮಾಡಿದ್ದೇನೆ. ಇದೆಲ್ಲ ಖರ್ಚಲ್ವಾ?

ಲೆಕ್ಕಿಗ

ಕೈಯಿಂದ ಹೋದ ದುಡ್ಡೆಲ್ಲ ಖರ್ಚಲ್ಲ. ವ್ಯಾಪಾರಿಗಳು ಜಾಸ್ತಿ ಎಡವುವುದು ಇಲ್ಲೇ. ಒಂದೊಂದಾಗಿ ನೋಡೋಣ.

ಮೊದಲು ತಾಮ್ರದ ವೈರ್. ವರ್ಷದಲ್ಲಿ 75 ಲಕ್ಷದ ಸಾಮಾನು ಕೊಂಡಿದ್ದೀರಿ ಅನ್ನಿ. ಮಾರ್ಚ್ 31ಕ್ಕೆ ಗೋಡೌನಿನಲ್ಲಿ ಹೋದ ವರ್ಷಕ್ಕಿಂತ 9 ಲಕ್ಷದ ಮಾಲು ಜಾಸ್ತಿ ಉಳಿದಿದೆ. ಹಾಗಾದರೆ ಈ ವರ್ಷದ ಮಾರಾಟಕ್ಕೆ ತಗುಲಿದ ಮಾಲಿನ ಬೆಲೆ 66 ಲಕ್ಷ ಮಾತ್ರ. 80ರಲ್ಲಿ 66 ಕಳೆದರೆ 14 ಲಕ್ಷ. ಅದರಲ್ಲಿ ಬಾಡಿಗೆ, ಸಂಬಳ ಇತ್ಯಾದಿ 5 ಲಕ್ಷ ಹೋದರೆ 9 ಲಕ್ಷ ಲಾಭ. ಖಾತೆಯಲ್ಲಿ ನೋಡಿದರೆ ಸೊನ್ನೆ! ಯಾಕೆ? ಲಾಭ ಎಲ್ಲಾ ವೈರ್ ಸುರುಳಿಯಾಗಿ ಗೋಡೌನಿನಲ್ಲಿ ಕೂತಿದೆ. ಇಲಾಖೆಗೆ ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ಮುಖ್ಯ ಅಲ್ಲ, ಲಾಭ ಮುಖ್ಯ. ಅದಕ್ಕೇ ಮಾರ್ಚ್ 31ರ ಸಂಜೆ ಕೂತು ಸ್ಟಾಕ್ ಎಣಿಸಿ ಬರೆದಿಡಿ. ಅಂದಾಜಿನಲ್ಲಿ ಹಾಕಬೇಡಿ. ಐಟಿಆರ್-4ರಲ್ಲೂ ಸ್ಟಾಕ್, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ಕೈಯಲ್ಲಿರುವ ನಗದು ಕೇಳುತ್ತಾರೆ.

ಉದ್ರಿ ಕೊಟ್ಟ ಮಾಲಿಗೂ ಇದೇ ಲೆಕ್ಕ. ಗುತ್ತಿಗೆದಾರ ಬಿಲ್ ದುಡ್ಡು ಇನ್ನೂ ಕೊಟ್ಟಿಲ್ಲ ಅಂದರೂ ಮಾರಾಟ ಈ ವರ್ಷದ್ದೇ.

ಇನ್ನು ಸಾಲದ ಕಂತು. ಅದರಲ್ಲಿ ಬಡ್ಡಿ ಮಾತ್ರ ಖರ್ಚು. ಅಸಲು ತೀರಿಸುವುದು ಖರ್ಚಲ್ಲ, ಸಾಲ ತಗೊಂಡಾಗ ಅದನ್ನು ಆದಾಯ ಅಂತ ಹಿಡಿದಿರಲಿಲ್ಲ ಅಲ್ವಾ? ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತರಿಸಿಕೊಳ್ಳಿ.

ಗಾಡಿಗೆ ಒಂದೇ ಸಲ 4 ಲಕ್ಷ ಕಳೆಯಲು ಬರುವುದಿಲ್ಲ. ಸವಕಳಿ ಅಂತ ವರ್ಷಕ್ಕೆ ಶೇ 15. ಬಳಸಲು ಶುರು ಮಾಡಿ ಆ ವರ್ಷ 180 ದಿನ ಆಗಿಲ್ಲ ಅಂದರೆ ಅರ್ಧ, ಶೇ 7.5. ಅಂದರೆ ಡಿಸೆಂಬರಿನಲ್ಲಿ ತಂದ ಗಾಡಿಗೆ ಈ ವರ್ಷ 30 ಸಾವಿರ ಮಾತ್ರ. ಕಂಪ್ಯೂಟರಿಗೆ ಶೇ 40, ಪೀಠೋಪಕರಣಕ್ಕೆ ಶೇ 10.

ಇದೆಲ್ಲ ಪೂರ್ತಿ ಲೆಕ್ಕ ಬರೆಯುವವರಿಗೆ. 44ಎಡಿಯಲ್ಲಿ ಹೋದರೆ ಬಡ್ಡಿ, ಸವಕಳಿ ಎಲ್ಲ ಆ ಶೇ 6ರ, ಶೇ 8ರ ಒಳಗೇ ಮುಗಿಯಿತು, ಬೇರೆ ಕಳೆಯಲು ಆಗದು.

ಸೂಜಿದಾರ

ನಗದು ಖರ್ಚಿಗೂ ಮಿತಿ ಇದೆಯಂತೆ?

ಲೆಕ್ಕಿಗ

ಇದೆ. ಪೂರ್ತಿ ಲೆಕ್ಕ ಬರೆಯುವವರು ಒಬ್ಬರಿಗೆ ಒಂದು ದಿನಕ್ಕೆ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚು ಒಪ್ಪುವುದಿಲ್ಲ. ಬಟ್ಟೆ ಖರೀದಿಗೂ ಇದು ಅನ್ವಯಿಸುತ್ತದೆ ಮೇಡಂ. ಸಾಗಾಣಿಕೆಯವರಿಗೆ ಕೊಡುವುದಾದರೆ 35 ಸಾವಿರ. ಕೈಸಾಲ ನಗದಿನಲ್ಲಿ 20 ಸಾವಿರ ಅಥವಾ ಜಾಸ್ತಿ ತಗೊಳ್ಳಬೇಡಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಜಾಸ್ತಿ ನಗದು ಪಡೆಯುವಂತೆಯೇ ಇಲ್ಲ.

ಸುಮ್ನೆ_ಓದುಗ

2025ರ ಜುಲೈನಲ್ಲಿ ಕರ್ನಾಟಕದಲ್ಲಿ ಸಣ್ಣ ಅಂಗಡಿಗಳಿಗೆಲ್ಲ ಯುಪಿಐ ನೋಡಿ ನೋಟಿಸ್ ಬಂತಲ್ಲ. "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದರು. ಆಗ ಬಂದಿದ್ದು ಆದಾಯ ತೆರಿಗೆ ಅಲ್ವಾ? ಮತ್ತೆ ನೀವು ವಹಿವಾಟಿಗೆ ತೆರಿಗೆ ಇಲ್ಲ ಅಂತೀರಾ.

ಮೂರನೇಪಾಲು

ಅದು ಜಿಎಸ್‌ಟಿ ಕಣಪ್ಪಾ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ್ದು. ಜಿಎಸ್‌ಟಿಗೆ ನೋಂದಣಿ ಬೇಕಾ ಬೇಡವಾ ಅನ್ನುವುದು ವಹಿವಾಟು ನೋಡಿಯೇ ತೀರ್ಮಾನ. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಆದಾಯ ತೆರಿಗೆ ಕೇಂದ್ರದ್ದು, ಲಾಭದ ಮೇಲೆ. ಎರಡನ್ನೂ ಒಂದೇ ಅಂದುಕೊಂಡು ಜನ ಗಾಬರಿಯಾದರು. ಪಕ್ಕದ ಅಂಗಡಿಯವರ ಹೆದರಿಕೆಯೂ ಅಲ್ಲಿಂದಲೇ ಬಂದಿರಬೇಕು.

ಆದರೆ ಎರಡೂ ಒಂದನ್ನೊಂದು ನೋಡುತ್ತವೆ. ಜಿಎಸ್‌ಟಿ ರಿಟರ್ನಿನ ವಹಿವಾಟು ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್‌ನಲ್ಲಿ, ಅಂದರೆ ನಿಮ್ಮ ವ್ಯವಹಾರಗಳ ವಾರ್ಷಿಕ ಪಟ್ಟಿಯಲ್ಲಿ, ಬಂದು ಕೂತಿರುತ್ತದೆ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ನಗದು ಜಮೆಯಾದರೆ ಬ್ಯಾಂಕೇ ವರದಿ ಕೊಡುತ್ತದೆ. ಬೋರ್ಡ್ ಹಾಕಿ ಯುಪಿಐ ನಿಲ್ಲಿಸಿದವರು ಶೇ 6 ಬಿಟ್ಟು ಶೇ 8ಕ್ಕೆ ಹೋದರು, ಅಷ್ಟೇ.

ಅಂಗಡಿ ಕ್ಯೂಆರ್ ಕೋಡ್‌ಗೆ ಮನೆಯವರ ದುಡ್ಡು, ಚೀಟಿ ದುಡ್ಡು ಬರದಂತೆ ನೋಡಿಕೊಳ್ಳಿ. ಅಂಗಡಿಗೆ ಬೇರೆ ಚಾಲ್ತಿ ಖಾತೆ ಇರಲಿ. ತಮ್ಮ ವಾಪಸ್ ಕೊಟ್ಟ ಕೈಸಾಲವನ್ನು ಮೂರು ವರ್ಷ ಆದಮೇಲೆ ವ್ಯಾಪಾರ ಅಲ್ಲ ಅಂತ ಸಾಬೀತು ಮಾಡುವ ಕಷ್ಟ ಯಾರಿಗೂ ಬೇಡ.

ಕೋಡುಬಳಗ

ಪ್ರೈವೇಟ್ ಲಿಮಿಟೆಡ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಸಾಫ್ಟ್‌ವೇರ್ ಕೆಲಸ ಮಾಡುವ ಸಣ್ಣ ಕಂಪನಿ ನಮ್ಮದು.

ಮಾಲೀಕನಿಗೆ ಏನೂ ಕೊಡುವ ಮುಂಚೆ ಲಾಭ 20 ಲಕ್ಷ ಅನ್ನಿ. ಒಬ್ಬನೇ ಮಾಲೀಕನಾಗಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ 2 ಲಕ್ಷ, ಸೆಸ್ ಸೇರಿ 2,08,000.

ಕಂಪನಿಯಲ್ಲಿ ಸಂಬಳ ತಗೊಳ್ಳದೆ ಪೂರಾ ಲಾಭ ತೋರಿಸಿದರೆ? ಕಂಪನಿಗಳಿಗಿರುವ 115ಬಿಎಎ ಕಲಮಿನ ದರ ಶೇ 22, ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಶೇ 25.17ರ ಹತ್ತಿರ. 5 ಲಕ್ಷ ಚಿಲ್ಲರೆ ಅಲ್ಲೇ ಹೋಯಿತು. ಉಳಿದ ಸುಮಾರು 15 ಲಕ್ಷವನ್ನು ಲಾಭಾಂಶ ಅಂತ ತಗೊಂಡರೆ 2020ರ ಏಪ್ರಿಲ್‌ನಿಂದ ಅದು ನಮ್ಮ ಕೈಯಲ್ಲಿ ಮತ್ತೆ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಬರುತ್ತದೆ. ಇನ್ನೊಂದು 1.08 ಲಕ್ಷ. ಒಟ್ಟು 6 ಲಕ್ಷ ದಾಟಿತು. ಒಂದೇ ದುಡ್ಡು, ಎರಡು ಸಲ ತೆರಿಗೆ.

ಅದೇ 20 ಲಕ್ಷವನ್ನೂ ಡೈರೆಕ್ಟರ್ ಸಂಬಳ ಅಂತ ತಗೊಂಡರೆ ಕಂಪನಿಗೆ ಅದು ಖರ್ಚು, ಅಲ್ಲಿ ಲಾಭ ಸೊನ್ನೆ. ನಮಗೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 19.25 ಲಕ್ಷಕ್ಕೆ ತೆರಿಗೆ 1,92,400. ಒಬ್ಬನೇ ಮಾಲೀಕನಿಗಿಂತ 15,600 ಉಳಿಯಿತು. ಆದರೆ ಕಂಪನಿಗೆ ವಹಿವಾಟು ಎಷ್ಟೇ ಇರಲಿ ಆಡಿಟ್ ಕಡ್ಡಾಯ. ಆರ್‌ಒಸಿಗೆ (ಕಂಪನಿ ನೋಂದಣಿ ಕಚೇರಿ) ವರ್ಷ ವರ್ಷ ಫೈಲಿಂಗ್ ಬೇರೆ. ಆ 15,600 ಅಲ್ಲೇ ಮಾಯ.

ವೈರ್‌ಬಾಕ್ಸ್ ಅಣ್ಣ, ಕಂಪನಿ ದುಡ್ಡು ನಿಮ್ಮ ದುಡ್ಡಲ್ಲ. ಈಗ ಗಲ್ಲಾದಿಂದ ತೆಗೆದ ಹಾಗೆ ಅಲ್ಲಿ ತೆಗೆಯಲು ಆಗುವುದಿಲ್ಲ. ಶೇ 10 ಅಥವಾ ಜಾಸ್ತಿ ಮತದ ಹಕ್ಕಿರುವ ಷೇರುದಾರ ಸಾಲ ಅಂತ ತೆಗೆದರೂ, ಕಂಪನಿಯಲ್ಲಿ ಕೂಡಿಟ್ಟ ಲಾಭ ಇದ್ದಷ್ಟು ಮಟ್ಟಿಗೆ ಅದನ್ನೇ ಲಾಭಾಂಶ ಅಂತ ಹಿಡಿದು ತೆರಿಗೆ ಹಾಕುತ್ತಾರೆ. ಲಾಭವನ್ನು ಮನೆಗೆ ತರದೆ ಅಲ್ಲೇ ಬಿಟ್ಟು ವ್ಯಾಪಾರ ಬೆಳೆಸುವವರಿಗೆ, ಅದೂ ಶೇ 30ರ ಸ್ಲ್ಯಾಬ್ ಮೇಲಿರುವವರಿಗೆ, ಕಂಪನಿ ದರ ಲಾಭ. ನಿಮ್ಮ ಅಳತೆಗೆ ಬೇಡ.

ಸೂಜಿದಾರ

ಪಾಲುದಾರಿಕೆ ಹೇಗೆ? ನನ್ನ ತಂಗಿಯೂ ನನ್ನ ಜೊತೆ ಕೆಲಸ ಮಾಡುತ್ತಾಳೆ. ಇಬ್ಬರೂ ಸೇರಿ ಮಾಡೋಣ ಅಂತ ಯೋಚನೆ.

ಮೂರನೇಪಾಲು

ನಮ್ಮದು ಮೂರು ಜನದ ಸಂಸ್ಥೆ. ದಿನಾ ಇದೇ ಜಗಳ, ಹಾಗಾಗಿ ಬಾಯಿಪಾಠ ಆಗಿದೆ.

ಪಾಲುದಾರಿಕೆ ಸಂಸ್ಥೆಗೆ ಬೇರೆ ಪ್ಯಾನ್. ಅದಕ್ಕೆ ಸ್ಲ್ಯಾಬ್ ಇಲ್ಲ, 4 ಲಕ್ಷದ ವಿನಾಯಿತಿಯೂ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ ಶೇ 31.2. ಕೇಳಿದರೆ ಗಾಬರಿ ಆಗುತ್ತದೆ ಅಲ್ವಾ? ಆದರೆ ಇಲ್ಲಿ ಎರಡು ಕಿಂಡಿ ಇದೆ. ಕೆಲಸ ಮಾಡುವ ಪಾಲುದಾರರಿಗೆ ಸಂಭಾವನೆ ಕೊಡಬಹುದು, ಬಂಡವಾಳಕ್ಕೆ ಶೇ 12ರವರೆಗೆ ಬಡ್ಡಿ ಕೊಡಬಹುದು. ಎರಡೂ ಸಂಸ್ಥೆಗೆ ಖರ್ಚು. ಪಾಲುದಾರಿಕೆ ಪತ್ರದಲ್ಲಿ ಬರೆದಿರಬೇಕು, ಅದು ಮುಖ್ಯ.

ಸಂಭಾವನೆಗೆ ಮಿತಿ ಇದೆ. ಲಾಭದ ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಜಾಸ್ತಿಯೋ ಅದು. ಉಳಿದದ್ದಕ್ಕೆ ಶೇ 60. ಮೇಲಿನವರ 20 ಲಕ್ಷದ ಉದಾಹರಣೆಯನ್ನೇ ತಗೊಳ್ಳಿ. 6 ಲಕ್ಷಕ್ಕೆ 5.4 ಲಕ್ಷ, 14 ಲಕ್ಷಕ್ಕೆ 8.4 ಲಕ್ಷ, ಒಟ್ಟು 13.8 ಲಕ್ಷ ಸಂಭಾವನೆ. ಸಂಸ್ಥೆಯಲ್ಲಿ ಉಳಿದ 6.2 ಲಕ್ಷಕ್ಕೆ ತೆರಿಗೆ 1,93,440. ಇಬ್ಬರು ಪಾಲುದಾರರಿಗೆ ತಲಾ 6.9 ಲಕ್ಷ ಬಂತು, ಬೇರೆ ಆದಾಯ ಇಲ್ಲದಿದ್ದರೆ ರಿಬೇಟ್‌ನಲ್ಲಿ ಸೊನ್ನೆ. ತೆರಿಗೆ ಕಟ್ಟಿದ ಮೇಲೆ ಹಂಚಿಕೊಳ್ಳುವ ಲಾಭಕ್ಕೆ ಪಾಲುದಾರರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಕಂಪನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅದೇ.

ಪಾಲುದಾರರ ಸಂಭಾವನೆ ಸಂಬಳ ಅಲ್ಲ, ವ್ಯಾಪಾರದ ಆದಾಯ. 75 ಸಾವಿರ ಸಿಗುವುದಿಲ್ಲ. 2025ರ ಏಪ್ರಿಲ್ 1ರಿಂದ ಇನ್ನೊಂದು ಕಿರಿಕಿರಿ ಸೇರಿದೆ: 194ಟಿ ಕಲಮು. ಒಬ್ಬ ಪಾಲುದಾರನಿಗೆ ವರ್ಷಕ್ಕೆ 20 ಸಾವಿರ ಮೀರಿ ಸಂಭಾವನೆ, ಬಡ್ಡಿ ಕೊಟ್ಟರೆ ಸಂಸ್ಥೆ ಶೇ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಮೇಲಿನ ಲೆಕ್ಕದಲ್ಲಿ 1.38 ಲಕ್ಷ ಹಿಡಿದು ಕಟ್ಟಿ, ಆಮೇಲೆ ಇಬ್ಬರೂ ರೀಫಂಡ್‌ಗೆ ಕಾಯಬೇಕು. ನಮ್ಮ ದುಡ್ಡನ್ನು ನಾವೇ ಹಿಡಿದು ನಾವೇ ವಾಪಸ್ ಕೇಳುವುದು, ಇದು ಯಾವ ನ್ಯಾಯವೋ.

ಲೆಕ್ಕಿಗ

ಒಂದು ಸೇರಿಸುತ್ತೇನೆ. ಸಂಸ್ಥೆಯೂ 44ಎಡಿ ಹಿಡಿಯಬಹುದು. ಆದರೆ ಆಗ ಪಾಲುದಾರರ ಸಂಭಾವನೆ, ಬಡ್ಡಿಯನ್ನು ಮತ್ತೆ ಕಳೆಯುವಂತಿಲ್ಲ. ಶೇ 6ರ ಪೂರ್ತಿ ಮೊತ್ತಕ್ಕೆ ಶೇ 31.2. ಹಾಗಾಗಿ ಸಂಸ್ಥೆಗಳಿಗೆ ಪೂರ್ತಿ ಲೆಕ್ಕ ಬರೆಯುವುದೇ ವಾಸಿ ಅಂತ ಎಷ್ಟೋ ಸಲ ಕಾಣುತ್ತದೆ.

ಸೂಜಿದಾರ ಮೇಡಂ, ನಿಮ್ಮಿಬ್ಬರ ಲಾಭ ಸೇರಿ 12 ಲಕ್ಷದ ಒಳಗೇ ಇದ್ದರೆ ಪಾಲುದಾರಿಕೆ ಬೇಡ. ಈಗ ಸೊನ್ನೆ ಇರುವ ತೆರಿಗೆಯನ್ನು ಕೈಯಾರೆ ತಂದುಕೊಂಡ ಹಾಗಾಗುತ್ತದೆ. ತಂಗಿಗೆ ಕೆಲಸಕ್ಕೆ ತಕ್ಕ ಸಂಬಳ ಕೊಡಿ, ಬ್ಯಾಂಕ್ ಮೂಲಕ.

ವೈರ್‌ಬಾಕ್ಸ್

ಹಾಗಾದರೆ ನಾನು ಹೆಂಡತಿಗೆ ಸಂಬಳ ಕೊಡಬಹುದಾ? ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅವಳೇ ಗಲ್ಲಾದಲ್ಲಿ ಕೂರುತ್ತಾಳೆ.

ಲೆಕ್ಕಿಗ

ಹೆಂಡತಿ ವಿಷಯ ತಂಗಿಯ ಹಾಗಲ್ಲ ಸಾರ್. ಗಂಡನ ವ್ಯಾಪಾರದಿಂದ ಹೆಂಡತಿಗೆ ಹೋದ ಸಂಬಳವನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಹೆಂಡತಿ ನಡೆಸುವ ವ್ಯಾಪಾರದಲ್ಲಿ ಗಂಡನಿಗೂ ಇದೇ ನಿಯಮ. ಸೇರಿಸದೆ ಬಿಡಬೇಕಾದರೆ ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇರಬೇಕು, ಆ ಸಂಬಳ ಆ ತಿಳಿವಳಿಕೆಯಿಂದಲೇ ಬಂದಿರಬೇಕು. ಫಾರ್ಮಸಿ ಓದಿದ ಹೆಂಡತಿ ಗಂಡನ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್ ಆಗಿದ್ದರೆ ಸರಿ. ಮಧ್ಯಾಹ್ನ ಒಂದು ಗಂಟೆ ಗಲ್ಲಾ ನೋಡಿದ್ದಕ್ಕೆ ತಿಂಗಳಿಗೆ 50 ಸಾವಿರ ಅಂದರೆ ಯಾರೂ ಒಪ್ಪುವುದಿಲ್ಲ.

ನೀವು 44ಎಡಿಯಲ್ಲಿ ಇರುವವರೆಗೆ ಈ ಪ್ರಶ್ನೆಯೇ ಏಳುವುದಿಲ್ಲ ಬಿಡಿ. ಯಾರ ಸಂಬಳವನ್ನೂ ಬೇರೆಯಾಗಿ ಕಳೆಯಲು ಇಲ್ಲಿ ಜಾಗ ಇಲ್ಲ.

ಹತ್ತುಚಕ್ರ

ಹಳೇ ಪದ್ಧತಿಗೆ ವಾಪಸ್ ಹೋಗಬಹುದಾ ಲೆಕ್ಕಿಗ ಸಾರ್? ನನಗೆ ಎಲ್‌ಐಸಿ, ಮನೆ ಸಾಲ ಎಲ್ಲ ಇದೆ, ಅಲ್ಲಿ ಅದಕ್ಕೆಲ್ಲ ಕಡಿತ ಸಿಗುತ್ತಲ್ಲ.

ಲೆಕ್ಕಿಗ

ಹೋಗಬಹುದು, ಸಂಬಳದವರ ಹಾಗೆ ವರ್ಷ ವರ್ಷ ಬದಲಿಸಲು ಮಾತ್ರ ಆಗದು. ವ್ಯಾಪಾರದ ಆದಾಯ ಇರುವವರು ರಿಟರ್ನ್ ಗಡುವಿನ ಒಳಗೆ 10-ಐಇಎ ಫಾರಂ ಕೊಟ್ಟು ಹಳೇದಕ್ಕೆ ಹೋಗಬೇಕು. ಆಮೇಲೆ ಒಂದೇ ಒಂದು ಸಲ ಹೊಸದಕ್ಕೆ ವಾಪಸ್ ಬರಬಹುದು. ಬಂದ ಮೇಲೆ, ವ್ಯಾಪಾರ ಇರುವವರೆಗೆ, ಹಳೇದರ ಬಾಗಿಲು ಮುಚ್ಚಿತು. ಎರಡರಲ್ಲೂ ಲೆಕ್ಕ ಹಾಕಿ ನೋಡದೆ ಫಾರಂ ಮುಟ್ಟಬೇಡಿ.

ಇನ್ನೊಂದು. ಏಪ್ರಿಲ್ 1, 2026ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿ. ಇಲ್ಲಿ ಹೇಳಿದ ಕಲಮುಗಳ ನಂಬರ್ ಎಲ್ಲ ಬದಲು. 44ಎಡಿ, 44ಎಡಿಎ, 44ಎಇ ಮೂರೂ ಸೇರಿ 58ನೇ ಕಲಮು. 2025-26ರ ಲೆಕ್ಕಕ್ಕೆ ಹಳೇ ನಂಬರೇ.

ವೈರ್‌ಬಾಕ್ಸ್

ಸರಿ, ನಾನು 44ಎಡಿಯಲ್ಲೇ ಹೋಗುತ್ತೇನೆ, 9 ಲಕ್ಷ ಲಾಭ ತೋರಿಸುತ್ತೇನೆ. ತೆರಿಗೆ ಸೊನ್ನೆ. ನನ್ನ ಅಣ್ಣನ ಹಾರ್ಡ್‌ವೇರ್ ಅಂಗಡಿಯೂ 44ಎಡಿಯೇ, ಅವನಿಗೆ 15 ಲಕ್ಷ ಆಗುತ್ತದೆ. ಅವನು ಜುಲೈನಲ್ಲಿ ರಿಟರ್ನ್ ಹಾಕುವಾಗ ಕಟ್ಟಿದರೆ ಸಾಕಲ್ವಾ?

ಲೆಕ್ಕಿಗ

ಸಾಲದು. ವರ್ಷದ ತೆರಿಗೆ 10 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಆದರೆ ಮುಂಗಡ ತೆರಿಗೆ ಕಟ್ಟಬೇಕು. ಬೇರೆ ವ್ಯಾಪಾರಿಗಳಿಗೆ ನಾಲ್ಕು ಕಂತು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. 44ಎಡಿಯವರಿಗೆ ರಿಯಾಯಿತಿ, ಮಾರ್ಚ್ 15ಕ್ಕೆ ಒಂದೇ ಕಂತು. ತಪ್ಪಿದರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆ.

ನಿಮ್ಮಣ್ಣನಿಗೆ 15 ಲಕ್ಷಕ್ಕೆ 1,05,000, ಸೆಸ್ ಸೇರಿ 1,09,200. ಯಾರಾದರೂ ಟಿಡಿಎಸ್ ಹಿಡಿದಿದ್ದರೆ ಅದನ್ನು ಕಳೆದು ಉಳಿದದ್ದು ಕಟ್ಟಲಿ. 2026ರ ಮಾರ್ಚ್ 15 ಭಾನುವಾರ. ಶುಕ್ರವಾರವೇ ಮುಗಿಸಲು ಹೇಳಿ.

ವೈರ್‌ಬಾಕ್ಸ್

ಪೋರ್ಟಲ್‌ನಲ್ಲಿ ಅವನೇ ಕಟ್ಟಬಹುದಾ, ಆಡಿಟರ್ ಬೇಕಾ?

ಲೆಕ್ಕಿಗ

ಅವರೇ ಕಟ್ಟಬಹುದು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್‌ಗೆ ಹೋಗಿ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) 2026-27 ಆರಿಸಿಕೊಳ್ಳಲಿ, 2025-26 ಅಲ್ಲ. ಬಗೆ ಕೇಳಿದಾಗ ಅಡ್ವಾನ್ಸ್ ಟ್ಯಾಕ್ಸ್, ಕೋಡ್ 100. ಅದರ ಹತ್ತಿರವೇ 300 ಇರುತ್ತದೆ, ಅದು ವರ್ಷ ಮುಗಿದ ಮೇಲೆ ಕಟ್ಟುವ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ. ದುಡ್ಡು ಹೋದ ಮೇಲೆ ಚಲನ್ ಇಳಿಸಿಕೊಂಡು ಇಟ್ಟುಕೊಳ್ಳಲಿ, ರಿಟರ್ನ್ ಹಾಕುವಾಗ ಅದರಲ್ಲಿರುವ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ನಂಬರ್) ಮತ್ತು ಚಲನ್ ನಂಬರ್ ಬೇಕಾಗುತ್ತದೆ.